ನನ್ನ ಸೀಲ್ ಪ್ಯಾಕೆಟ್ ಸರ್ವರೂ ಮಂಜುಳಾಳ ಹುಳುಗಳೂ

ನಾನು ಬಿಡಿ ಸಾಮಾನು ಕೊಳ್ಳುವವಳಲ್ಲ. ತೊಗರಿಬೇಳೆಯಿಂದ ಸಾಸಿವೆಯವರೆಗೆ ನಮ್ಮ ಮನೆಗೆ ಏನು ಬಂದರೂ ಪ್ಯಾಕೆಟ್ಟಿನಲ್ಲಿ, ಸೀಲ್ ಒಡೆಯದೆ ಬರಬೇಕು. ಶಿಡ್ಲಘಟ್ಟದ ನಮ್ಮ ಬೀದಿಯ ಅಂಗಡಿಯವರು ನನ್ನನ್ನು ದೂರದಲ್ಲಿ ಕಂಡರೆ ಸಾಕು, ಬ್ರೆಡ್ಡನ್ನು ಒಳಗೆ ಎತ್ತಿಡುತ್ತಾರೆ. ಏಕೆಂದರೆ ನಾನು ಪ್ಯಾಕೆಟ್ ತಿರುಗಿಸಿ, ಕನ್ನಡಕ ಏರಿಸಿ, ತಾರೀಕು ಓದಿ, ಇತರ ಗಿರಾಕಿಗಳ ಎದುರಿಗೇ "ಇದು ಹಳೇದು" ಎಂದು ಘೋಷಿಸಿ ವಾಪಸು ಇಟ್ಟು ಬರುವವಳು. ಇಂಥ ನಾನು ನನ್ನ ಜೀವನದಲ್ಲಿ ಒಂದೇ ಒಂದು ಪ್ಯಾಕೆಟ್ಟಿನ ತಾರೀಕು ನೋಡಲಿಲ್ಲ. ಅದು ತಿನ್ನುವ ಪ್ಯಾಕೆಟ್ಟೂ ಆಗಿರಲಿಲ್ಲ. ಆದರೂ ಅಜೀರ್ಣವಾಯಿತು.

ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಕ್ಕಳು ಬಂದಾಗ ಸ್ವಿಚ್ ಹಾಕುವುದು, ಹೋದಾಗ ಆರಿಸುವುದು, ನಡುವೆ ಯಾವುದಾದರೂ ಯಂತ್ರ ಮುನಿಸಿಕೊಂಡರೆ ಆರಿಸಿ ಮತ್ತೆ ಹಾಕುವುದು. ಈ ಅಪಾರ ಅನುಭವದಿಂದಾಗಿ ನಮ್ಮ ನೆಂಟರಿಷ್ಟರಲ್ಲಿ ನಾನು ಕಂಪ್ಯೂಟರ್ ತಜ್ಞೆ. ಯಾರೂ ಪರೀಕ್ಷೆ ಮಾಡಿರಲಿಲ್ಲವಾದ್ದರಿಂದ ನನಗೂ ಹಾಗೇ ಅನ್ನಿಸಿತ್ತು. ನಮ್ಮ ಯಜಮಾನರು ನಾರಾಯಣಸ್ವಾಮಿ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರು. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ನಾನು ಚೆನ್ನಾಗಿ ಗೊತ್ತು. ಅದೇ ತೊಂದರೆ.

ಅವರ ತಂಗಿ ಮಂಜುಳಾ, ಅಂದರೆ ನನ್ನ ನಾದಿನಿ, ಸಾದಲಿಯಲ್ಲಿ ಚಾಕಿ ಕೇಂದ್ರ ನಡೆಸುತ್ತಾಳೆ. ತಿಳಿಯದವರಿಗೆ ಹೇಳುತ್ತೇನೆ: ರೇಷ್ಮೆ ಹುಳು ಮೊಟ್ಟೆಯಿಂದ ಬಂದಾಗ ಇರುವೆಗಿಂತ ಸಣ್ಣದು. ಆ ಎಳೆಗೂಸುಗಳಿಗೆ ಎಳೆ ಹಿಪ್ಪುನೇರಳೆ ಸೊಪ್ಪನ್ನು ಕತ್ತರಿಸಿ ತಿನ್ನಿಸಿ, ಎರಡನೇ ಜ್ವರದವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಬಾಲವಾಡಿಯೇ ಚಾಕಿ ಕೇಂದ್ರ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇಯುವುದು ಬಿಟ್ಟು, ತಲೆ ಎತ್ತಿ, ಧ್ಯಾನಕ್ಕೆ ಕೂತಂತೆ ಅಲ್ಲಾಡದೆ ಕೂತು ಹಳೇ ಚರ್ಮ ಕಳಚುವ ಹೊತ್ತು. ಹಾಗೆ ಕೂತಾಗಲೇ, ಬೆಳಗಿನ ತಂಪಿನಲ್ಲಿ, ಅವನ್ನು ಸಾಗಿಸಬೇಕು. ನಿದ್ದೆಯಲ್ಲೇ ರೈತನ ಮನೆ ಸೇರಬೇಕು. ಕಣ್ಣು ಬಿಟ್ಟಾಗ ಎದುರಿಗೆ ಸೊಪ್ಪಿರಬೇಕು. ಬೇಗ ಒಯ್ದರೆ ಮೇಯುತ್ತಿರುವ ಹುಳು ನಲುಗುತ್ತದೆ. ತಡವಾದರೆ ಎದ್ದು ಹಸಿವಿನಿಂದ ಸೊರಗುತ್ತದೆ. ಸೊರಗಿದ ಹುಳು ಪಡೆದ ರೈತ ಜಗಳವಾಡುವುದಿಲ್ಲ. ಮುಂದಿನ ಬೆಳೆಗೆ ಬೇರೆ ಕೇಂದ್ರಕ್ಕೆ ಹೋಗುತ್ತಾನೆ, ಅಷ್ಟೇ. ಮಂಜುಳಾಳ ಹೆಸರು ನಿಂತಿರುವುದು ಆ ಒಂದು ಬೆಳಗಿನ ಮೇಲೆ.

ಹೀಗಾಗಿ ಅವಳ ಮನೆಯಲ್ಲಿ ಒಂದು ಕಾನೂನು: ಹುಳು ಇರುವಾಗ ಏನೂ ಬದಲಾಯಿಸಬಾರದು. ಹೊಸ ಪೊರಕೆ ಇಲ್ಲ, ಊದುಬತ್ತಿ ಇಲ್ಲ, ಒಗ್ಗರಣೆಯ ಘಾಟಿಲ್ಲ, ಪೌಡರ್ ಹಾಕಿದವರಿಗೆ ಪ್ರವೇಶವಿಲ್ಲ. ಒಮ್ಮೆ ನಮ್ಮ ಯಜಮಾನರು ಮಂಡಿಗೆ ನೋವಿನ ಮುಲಾಮು ಹಚ್ಚಿಕೊಂಡು ಹೋಗಿದ್ದಕ್ಕೆ ಸ್ವಂತ ಅಣ್ಣ ಎಂದೂ ನೋಡದೆ ಪಂಪ್‌ಹೌಸಿನಲ್ಲಿ ಎಲೆ ಹಾಕಿಸಿದ್ದಳು.

ಇಂಥ ಮನೆಗೆ ನಾನು ಸರ್ವರ್ ತಂದೆ.

ಮಂಜುಳಾ ಪ್ರತಿ ಬೆಳೆಗೂ ರೈತರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗದೆ, ನಮ್ಮ ಕಾಲೇಜಿನವರು ಮೂಲೆಗೆ ಹಾಕಿದ್ದ ಒಂದು ಕಂಪ್ಯೂಟರನ್ನು ಕೇಳಿ ಪಡೆದು, ಅವಳ ಮನೆಯ ಮುಂದಿನ ಕೋಣೆಯಲ್ಲಿ ಸರ್ವರ್ ಎಂದು ಕೂರಿಸಿದೆ. ಅವಳ ಸಿಮ್ಮನ್ನು ಒಂದು ಹಳೇ ಮೊಬೈಲಿಗೆ ಹಾಕಿ ಅದಕ್ಕೆ ಕಟ್ಟಿದೆ. ಹೊತ್ತು ಹೇಳಿಟ್ಟರೆ ಸಾಕು, ಎಲ್ಲ ರೈತರಿಗೂ ತಾನೇ ಮೆಸೇಜ್ ಕಳಿಸುತ್ತದೆ: "ಹುಳುಗಳು ಜ್ವರಕ್ಕೆ ಕೂತಿವೆ. ನಾಳೆ ಬೆಳಗಿನ ತಂಪಿನಲ್ಲಿ ತಟ್ಟೆ ತನ್ನಿ."

ಇದನ್ನೆಲ್ಲ ನಡೆಸಲು ಸರ್ವರ್ ನೋಡಿಕೊಳ್ಳುವ ತಂತ್ರಾಂಶವೊಂದು ಬೇಕು. ಮನೆಗೆ ಯಜಮಾನಿ ಇದ್ದಹಾಗೆ. ಯಾವ ಕೆಲಸ ಯಾವಾಗ, ಯಾವುದು ನಡೆಯುತ್ತಿದೆ, ಯಾವುದನ್ನು ನಿಲ್ಲಿಸಬೇಕು, ಎಲ್ಲವೂ ಒಂದೇ ಪುಟದಲ್ಲಿ, ಹಸಿರು ಚುಕ್ಕೆ, ಕೆಂಪು ಚುಕ್ಕೆ, ಗುಂಡಿಗಳ ಸಮೇತ. ಅದನ್ನು ಪಡೆಯಲು ಎರಡು ದಾರಿ. ಒಂದು, ತಯಾರಿಸಿದವರ ಹತ್ತಿರವೇ ನೇರವಾಗಿ ಹೊಸದು ತರುವುದು. ಇನ್ನೊಂದು, ನಮ್ಮ ಕಂಪ್ಯೂಟರಿನ ಜೊತೆಗೇ ಬರುವ ಉಗ್ರಾಣವಿದೆ. ಅಲ್ಲಿಯವರು ಪ್ರತಿಯೊಂದನ್ನೂ ಪರೀಕ್ಷಿಸಿ, ಕಟ್ಟಿ, ಸೀಲ್ ಹಾಕಿ ಇಟ್ಟಿರುತ್ತಾರೆ. ಒಂದು ಸಾಲು ಬರೆದರೆ ಪ್ಯಾಕೆಟ್ ಬಂದು ತಾನೇ ಬಿಚ್ಚಿಕೊಳ್ಳುತ್ತದೆ.

ಪ್ಯಾಕೆಟ್. ನಾನು ಬೇರೆ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ.

"ತಾರೀಕು ನೋಡಿದ್ಯೇನೇ?" ಎಂದರು ಯಜಮಾನರು, ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಾ.

"ಇದೇನು ಮೊಸರಾ? ಕೆಡಲ್ಲ ಕಣ್ರೀ ಇದು," ಎಂದೆ.

ಮೊದಮೊದಲು ಸಣ್ಣಪುಟ್ಟ ವಿಚಿತ್ರಗಳು ಕಂಡವು. ಒಳಗೆ ಹೋಗಲು ಪಾಸ್‌ವರ್ಡ್ ಕೊಟ್ಟರೆ ಖಾಲಿ ಪುಟ ಬರುತ್ತಿತ್ತು. ಎರಡನೇ ಸಲ ಕೊಟ್ಟರೆ ಬಿಡುತ್ತಿತ್ತು. ಬಾಗಿಲು ಬಡಿದ ಕೂಡಲೇ ತೆಗೆಯುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದುಕೊಂಡೆ. ಆಮೇಲೆ ಹಸಿರು ಚುಕ್ಕೆ. ಮೊಬೈಲಿನ ವೈರ್ ಕಿತ್ತಿದ್ದರೂ "ಎಲ್ಲ ಚೆನ್ನಾಗಿ ನಡೆಯುತ್ತಿದೆ" ಎಂದು ಹಸಿರಾಗಿಯೇ ಹೊಳೆಯುತ್ತಿತ್ತು. ಆಶಾವಾದಿ ಸ್ವಭಾವ ಎಂದುಕೊಂಡೆ. ಎರಡು ಬೆಳೆ ಸರಾಗವಾಗಿ ಸಾಗಿದವು. ಮಂಜುಳಾ ನನಗೆ ಹೋಳಿಗೆ ಮಾಡಿ ಬಡಿಸಿದಳು. ಆ ಹೋಳಿಗೆ ಇನ್ನೂ ನೆನಪಿದೆ, ಏಕೆಂದರೆ ಆಮೇಲೆ ಮಾಡಿಲ್ಲ.

ಮೂರನೇ ಬೆಳೆಗೆ ಜಡಿಮಳೆ ಹಿಡಿಯಿತು. ತಂಪಾದರೆ ಹುಳು ನಿಧಾನ. ಅಂದು ನಾನೂ ಯಜಮಾನರೂ ರಜೆಗೆಂದು ಸಾದಲಿಯಲ್ಲೇ ಇದ್ದೆವು. ಮಂಜುಳಾ ತಟ್ಟೆಗಳನ್ನು ನೋಡಿ ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ಅತ್ಗೆ, ಇನ್ನೂ ಮೇಯ್ತಾನೇ ಅವೆ. ನಾಳೆಗೆ ಕೂರೋ ಹಂಗವೆ. ಇವತ್ತು ಸಂಜೆ ಮೆಸೇಜ್ ಹೋಗೋದ್ ಬ್ಯಾಡ, ನಿಲ್ಸು."

"ಅಷ್ಟೇ ತಾನೇ? ಒಂದು ಗುಂಡಿ ಕಣೇ," ಎಂದೆ.

ನಾನು ಕೂತು ಸಂಜೆಯ ಕೆಲಸದ ಎದುರಿಗಿದ್ದ "ನಿಲ್ಲಿಸು" ಗುಂಡಿ ಒತ್ತಿದೆ. ಚುಕ್ಕೆ ಹಸಿರಾಗಿಯೇ ಇತ್ತು. ಮತ್ತೆ ಒತ್ತಿದೆ. ಹಸಿರು. ಕಾಲೇಜಿನಲ್ಲಿ ಮಕ್ಕಳಿಗೆ "ಸಾಫ್ಟಾಗಿ ಒತ್ರೋ" ಎಂದು ಬುದ್ಧಿ ಹೇಳುವವಳು ನಾನೇ. ಅಂದು ಮಾತ್ರ ಜೋರಾಗಿ ಒತ್ತಿದರೆ ಕೇಳೀತು ಎನ್ನಿಸಿತು. ಬಾಗಿಲಿಗೆ ಬಂದ ಭಿಕ್ಷುಕನಿಗೆ ಮುಂದೆ ಹೋಗು, ಮುಂದೆ ಹೋಗು ಎಂದಂತೆ ಒತ್ತಿದ್ದೇ ಒತ್ತಿದ್ದು. ಕೊನೆಗೆ ಪುಟ ಮುಚ್ಚಿ, ನಿಂತಿರುತ್ತದೆ ಎಂದು ನಂಬಿ, ಪಕೋಡ ತಿನ್ನಲು ಎದ್ದೆ.

ಆ ಹಳೇ ಪ್ಯಾಕೆಟ್ಟಿನ ದೋಷ ಏನೆಂದು ಆಮೇಲೆ ತಿಳಿಯಿತು. "ನಿಲ್ಲಿಸು" ಎಂದರೆ ಅದು ಕೆಲಸವನ್ನು ನಿಲ್ಲಿಸುತ್ತಿರಲಿಲ್ಲ. ಅದರ ಇನ್ನೊಂದು ನಕಲು ಮಾಡಿ ಪಕ್ಕದಲ್ಲಿ ಕೂರಿಸುತ್ತಿತ್ತು. ನಾನು ಎಷ್ಟು ಸಲ ಬೇಡ ಎಂದೆನೋ ಅಷ್ಟು ಸಲ ಬೇಕು ಎಂದು ಬರೆದುಕೊಂಡಿತ್ತು.

ಸಂಜೆ ಮೆಸೇಜುಗಳು ಹೊರಟವು. ಅವು ಹೊರಟ ರಭಸ ಏನು ಹೇಳಲಿ. ಪ್ರತಿ ರೈತನ ಮೊಬೈಲೂ ದೀಪಾವಳಿ ಸರ ಪಟಾಕಿಯಂತೆ ಟಿಣ್ ಟಿಣ್ ಎಂದಿತಂತೆ. "ಹುಳುಗಳು ಜ್ವರಕ್ಕೆ ಕೂತಿವೆ." "ಹುಳುಗಳು ಜ್ವರಕ್ಕೆ ಕೂತಿವೆ." ಒಬ್ಬರ ಮನೆಯಲ್ಲಿ ಅಜ್ಜಿ ಎದ್ದು ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರಂತೆ.

ಬೆಳಿಗ್ಗೆ ಎದ್ದರೆ ಅಂಗಳ ತುಂಬ ರೈತರು, ಬೈಕು, ತಟ್ಟೆ. ಎಲ್ಲರ ಮುಂದೆ ಚಿಂತಾಮಣಿ ಕಡೆಯ ಮುನಿವೆಂಕಟಪ್ಪನವರು, ಮಂಜುಳಾಳ ಹಳೇ ಗಿರಾಕಿ, ತೆಲುಗು ಬೆರೆಸಿ ಮಾತಾಡುವವರು, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ.

"ಏಮಮ್ಮಾ ಮಂಜುಳಾ, ಅಷ್ಟೊಂದು ಮೆಸೇಜ್ ಹಾಕಿದ್ಯಲ್ಲ, ಹುಳು ಏನಾದ್ರೂ ಎದ್ದು ನಡ್ಕೊಂಡು ಬರ್ತಾವೇನೋ ಅಂತ ಓಡಿಬಂದ್ವಿ."

"ಕೂತೇ ಇಲ್ಲಣ್ಣ ಅವು. ನೋಡ್ಬನ್ನಿ, ಹೆಂಗ್ ಮೇಯ್ತಾವೆ," ಎಂದಳು ಮಂಜುಳಾ. ಮಾತು ಅವರಿಗೆ, ನೋಟ ನನಗೆ.

"ಮತ್ತೆ ನಾವ್ ಬಂದಿದ್ದು?"

"ಮಳೇಲಿ ಒಂದು ವಾಕಿಂಗ್ ಆಯ್ತಲ್ಲ ಬಿಡ್ರಿ," ಎಂದರು ನಮ್ಮ ಯಜಮಾನರು. ಯಾರೂ ನಗಲಿಲ್ಲ.

ಮಂಜುಳಾ ಸಮಾಧಾನ ಹೇಳಿದಳು. "ನಾಳೆ ಕೂತ್ಕಂತವೆ. ನಾನೇ ಫೋನ್ ಮಾಡಿ ಕರೀತೀನಿ..."

ಅಲ್ಲಿಗೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಮರ್ಯಾದೆ ಪ್ರಶ್ನೆ. "ಫೋನ್ ಯಾತಕ್ಕೆ ಮಂಜುಳಾ? ಸಣ್ಣ ತೊಂದ್ರೆ, ಇವತ್ತೇ ಸರಿ ಮಾಡ್ತೀನಿ. ಕೂತ ತಕ್ಷಣ ಒಂದೇ ಒಂದು ಮೆಸೇಜ್ ಬರತ್ತೆ. ನನ್ನ ಜವಾಬ್ದಾರಿ," ಎಂದು ಅಂಗಳದ ಮಧ್ಯೆ ನಿಂತು ಭಾಷಣ ಮಾಡಿದೆ. ಅಷ್ಟು ಜನರ ಎದುರು ಅತ್ತಿಗೆಯ ಮಾತು ತೆಗೆದುಹಾಕುವುದು ಹೇಗೆ ಎಂದು ಅವಳು ತಲೆಯಾಡಿಸಿ ತಟ್ಟೆಗಳ ಕಡೆಗೆ ನಡೆದಳು. ರೈತರು ಖಾಲಿ ತಟ್ಟೆ ಕಟ್ಟಿಕೊಂಡು ಹೊರಟರು.

ನಾನು ಕೂತು ತಂತ್ರಾಂಶ ತಯಾರಿಸಿದವರ ವೇದಿಕೆಗೆ ದೂರು ಬರೆದೆ. ಬೇಗನೇ ಉತ್ತರ ಬಂತು. ಬಹಳ ಸಭ್ಯ ಉತ್ತರ. "ಈ ದೋಷವನ್ನು ನಾವು ಎಂದೋ ಸರಿಪಡಿಸಿದ್ದೇವೆ. ನಿಮ್ಮಲ್ಲಿರುವುದು ಉಗ್ರಾಣದವರು ಕಟ್ಟಿಟ್ಟ ತುಂಬ ಹಳೆಯ ಪ್ಯಾಕೆಟ್. ಅದಕ್ಕೂ ನಮಗೂ ಸಂಬಂಧವಿಲ್ಲ. ಅವರನ್ನೇ ಕೇಳಿ."

ಉಗ್ರಾಣದವರಿಗೆ ಬರೆದೆ. ಅವರದೂ ಸಭ್ಯ ಉತ್ತರ. "ನಾವು ಇದನ್ನು ಕಟ್ಟಿದವರು ಮಾತ್ರ. ಮಾಡಿದವರು ಅವರು. ಅಲ್ಲದೆ ಇದು ಸ್ಥಿರ ಆವೃತ್ತಿ. ನಡುವೆ ಬದಲಾಯಿಸುವುದಿಲ್ಲ."

ಸ್ಥಿರ ಎಂದರೆ ಏನೆಂದು ಆಗ ಅರ್ಥವಾಯಿತು. ಅದರ ದೋಷವೂ ಸ್ಥಿರ.

ಇದನ್ನು ಯಜಮಾನರಿಗೆ ವಿವರಿಸಿದೆ. ಅವರು ಯೋಚಿಸಿ ಹೇಳಿದರು, "ಇದು ಸೊಸೆ ಪಂಚಾಯ್ತಿ ಕಣೇ. ತವರಿನೋರು ಹೇಳ್ತಾರೆ, ಹೆಣ್ಣು ಕೊಟ್ಟಾಯ್ತು, ಈಗ ಅವಳು ಏನ್ ಮಾಡಿದ್ರೂ ಆ ಮನೇದು. ಅತ್ತೆ ಮನೆಯೋರು ಹೇಳ್ತಾರೆ, ಬುದ್ಧಿ ಕಲಿಸಿದ್ದು ತವರಿನೋರು, ಅವರನ್ನೇ ಕೇಳಿ."

"ನನ್ ವಿಷ್ಯ ಹೇಳ್ತಿದ್ದೀರೋ, ತಂತ್ರಾಂಶದ್ದೋ?"

"ಯಾರಿಗೆ ಹೊಂದತ್ತೋ ಅವ್ರು ಇಟ್ಕೊಳ್ಳಿ," ಎಂದು ಅವರು ಎದ್ದು ಹೋದರು.

ತಯಾರಿಸಿದವರ ಉತ್ತರದ ಕೊನೆಯಲ್ಲಿ ಒಂದು ಸಲಹೆ ಇತ್ತು. "ಮೊದಲು ಹಳೆಯದನ್ನು ಪೂರ್ತಿ ತೆಗೆಯಿರಿ. ಆಮೇಲೆ ನಮ್ಮಲ್ಲಿಂದ ಹೊಸದನ್ನು ಹಾಕಿಕೊಳ್ಳಿ." ನಾನು ಮುಂದಿನ ಕೋಣೆಯಲ್ಲಿ ಆ ಕೆಲಸಕ್ಕೆ ಕೂತಾಗ ಮಂಜುಳಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಏನ್ ಮಾಡ್ತಿದ್ಯ ಅತ್ಗೆ?"

"ಹಳೇದು ತೆಗ್ದು ಹೊಸದು ಹಾಕ್ತಿದೀನಿ."

"ಹುಳು ಮನೇಲವೆ."

"ಇದು ಕಂಪ್ಯೂಟರ್ ಒಳಗಡೆ ಕಣೇ. ಹುಳಕ್ಕೇನು ವಾಸನೆ ಬಡಿಯತ್ತಾ?"

"ಹುಳು ಮನೇಲಿರೋವಾಗ ಏನೂ ತೆಗ್ಯಂಗಿಲ್ಲ ಅಂದ್ರೆ ತೆಗ್ಯಂಗಿಲ್ಲ. ಬೆಳೆ ಮುಗೀಲಿ, ಮನೆಗೆ ಬ್ಲೀಚಿಂಗ್ ಹೊಡ್ಯೋ ದಿನ ನೀನೂ ನಿಂದಕ್ಕೆ ಹೊಡ್ಕೋ."

ನಾನು ಅವಳಿಗೂ ನೋವಾಗಬಾರದು, ನನ್ನ ಮಾತೂ ಉಳಿಯಬೇಕು ಎಂದು ಮಧ್ಯದ ದಾರಿ ಕಂಡುಹಿಡಿದೆ. ಹಳೆಯದನ್ನು ತೆಗೆಯಲಿಲ್ಲ. ಅದರ ಪಕ್ಕದಲ್ಲೇ ಹೊಸದನ್ನೂ ಹಾಕಿದೆ. ಎಲ್ಲರೂ ಇರಲಿ, ಮನೆ ದೊಡ್ಡದಿದೆ. ನನ್ನ ಬಾಳಿನಲ್ಲಿ ನಾನು ಇಷ್ಟು ರಾಜತಾಂತ್ರಿಕವಾಗಿ ನಡೆದುಕೊಂಡಿದ್ದೇ ಇಲ್ಲ.

ಮನೆ ದೊಡ್ಡದಿತ್ತು ನಿಜ. ಒಲೆ ಒಂದೇ ಇತ್ತು. ಇಬ್ಬರು ಯಜಮಾನಿಯರೂ ಅದೇ ಮೊಬೈಲಿಗೆ ಕೈ ಹಾಕಿದರು. ಇವಳು ತೆಗೆದರೆ ಅವಳು ಕಿತ್ತುಕೊಂಡಳು, ಅವಳು ಹಿಡಿದರೆ ಇವಳು ಬಿಡಿಸಿದಳು. ಕೊನೆಗೆ ಇಬ್ಬರೂ ಮುಖ ತಿರುಗಿಸಿ ಕೂತರು, ಒಂದು ಮೆಸೇಜೂ ಹೊರಡಲಿಲ್ಲ. ಒಳಗೆ ಇಷ್ಟು ರಂಪ ನಡೆಯುತ್ತಿದ್ದರೂ ಹಳೆಯ ಪುಟದಲ್ಲಿ ಹಸಿರು ಚುಕ್ಕೆ ಪ್ರಸನ್ನವಾಗಿ ಹೊಳೆಯುತ್ತಿತ್ತು. ನಾನು ನೋಡಿದ್ದು ಅದನ್ನು ಮಾತ್ರ.

ಮಾರನೇ ಬೆಳಿಗ್ಗೆ ಹುಳುಗಳು ಒಂದೂ ಬಿಡದೆ ತಲೆ ಎತ್ತಿ ಜ್ವರಕ್ಕೆ ಕೂತಿದ್ದವು. ಮಳೆ ನಿಂತಿತ್ತು. ಗಾಳಿ ತಂಪಾಗಿತ್ತು. ಎಲ್ಲವೂ ಸರಿಯಾಗಿತ್ತು. ಅಂಗಳದಲ್ಲಿ ಮಾತ್ರ ರೈತರ ಒಂದು ನರಪಿಳ್ಳೆಯೂ ಇರಲಿಲ್ಲ.

ಬಂದಿದ್ದವನು ಫಯಾಜ್ ಒಬ್ಬನೇ. ಸ್ವಂತ ಗಾಡಿ ಇಲ್ಲದ ರೈತರಿಗೆ ಹುಳು ಸಾಗಿಸುವ ಲಗೇಜ್ ಆಟೋದವನು. ಉಳಿದ ದಿನ ಅದೇ ಆಟೋದಲ್ಲಿ ಸೊಪ್ಪು ಮಾರುತ್ತಾನೆ.

"ನಿಂಗೆ ಮೆಸೇಜ್ ಬಂತಾ ಫಯಾಜ್?" ಎಂದೆ ಆಸೆಯಿಂದ.

"ಇಲ್ಲ ಮೇಡಂ. ಮಂಜುಳಕ್ಕ ನಿನ್ನೇನೇ 'ನಾಳೆ ಬಾ' ಅಂದ್ರು, ಬಂದೆ."

ಮಂಜುಳಾ ಒಳಗಿನಿಂದ ಬಂದಳು. "ಅತ್ಗೆ, ಮಧ್ಯಾಹ್ನದೊತ್ಗೆ ಏಳಕ್ ಶುರು ಮಾಡ್ತವೆ. ಎದ್ದೋಕೆ ಹಾಕಕ್ಕೆ ನನ್ ತೋಟದಾಗೆ ಅಷ್ಟು ಸೊಪ್ಪಿಲ್ಲ. ಇಷ್ಟು ವರ್ಷದಾಗೆ ಒಬ್ರಿಗೂ ಸೊರಗಿದ್ ಹುಳು ಕೊಟ್ಟಿಲ್ಲ ನಾನು." ಅಷ್ಟು ಹೇಳಿ ಅವಳು ಕಣ್ಣು ಒರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಓಡಿಹೋಗಿ ಸಿಮ್ ಕಿತ್ತು, ಅವಳ ಫೋನಿಗೆ ಹಾಕಿಕೊಟ್ಟೆ. ಅವಳು ಮುನಿವೆಂಕಟಪ್ಪನವರಿಗೆ ಹಚ್ಚಿದಳು. ಕರೆ ಹೋಗಲಿಲ್ಲ. ಇನ್ನೊಬ್ಬರಿಗೆ ಹಚ್ಚಿದಳು. ಹೋಗಲಿಲ್ಲ. ಯಾರಿಗೂ ಹೋಗಲಿಲ್ಲ.

"ಬ್ಲಾಕ್ ಮಾಡವ್ರೆ ಅಕ್ಕಾ," ಎಂದ ಫಯಾಜ್, ಅಳುಕುತ್ತಾ. "ಮೊನ್ನೆ ಸಂಜೆ ಟಿಣ್ ಟಿಣ್ ಆಯ್ತಲ್ಲ, ನಮ್ ಕಡೆ ಎಲ್ಲಾರೂ ನಿಮ್ ನಂಬರ್ ಬ್ಲಾಕ್ ಮಾಡ್ಬಿಟ್ರು. ಹೇಳಣ ಅನ್ಕೊಂಡೆ, ಮೇಡಂ ಎದುರ್ಗೆ ಬ್ಯಾಡ ಅಂತ..."

ನಾನು ನನ್ನ ಫೋನು ತೆಗೆದೆ. ಮುನಿವೆಂಕಟಪ್ಪನವರು ಎತ್ತಿದರು. ಗಾಬರಿಯಲ್ಲೂ ನಾನು ಕಾಲೇಜಿನ ಮರ್ಯಾದೆ ಬಿಡದೆ ಗಂಟಲು ಸರಿಮಾಡಿಕೊಂಡು ಹೇಳಿದೆ: "ನಮಸ್ಕಾರ. ಸಾದಲಿ ಚಾಕಿ ಕೇಂದ್ರದಿಂದ ಕರೆ ಮಾಡುತ್ತಿದ್ದೇವೆ. ತಮ್ಮ ಹುಳುಗಳು ಎರಡನೇ ಜ್ವರಕ್ಕೆ ಕುಳಿತಿವೆ. ದಯವಿಟ್ಟು..."

ಆ ಕಡೆಯಿಂದ ಅವರು ಹೆಂಡತಿಗೆ ಹೇಳುವುದು ಕೇಳಿಸಿತು. "ಮತ್ತೆ ಅದೇ ಕಂಪ್ಯೂಟರು. ಈಗ ಮಾತಾಡೋಕೂ ಶುರು ಮಾಡೈತೆ. ವಾಯ್ಸ್ ಮಾತ್ರ ಬಾಗುಂದಿ, ಚೆನ್ನಾಗೈತೆ." ಕಟ್.

ಮತ್ತೆ ಹಚ್ಚಿದೆ. "ಕಂಪ್ಯೂಟರ್ ಅಲ್ಲ, ನಾನು ಮನುಷ್ಯಳೇ ಮಾತಾಡ್ತಿರೋದು," ಎಂದೆ.

"ಅಂಗಂತಾನೇ ಹೇಳೋದು ಅವೆಲ್ಲ," ಎಂದರು. ಕಟ್.

ಮಂಜುಳಾ ಫೋನು ಕಿತ್ತುಕೊಂಡು ತಾನೇ ಇನ್ನೊಬ್ಬ ರೈತನಿಗೆ ಹಚ್ಚಿದಳು. "ಅಣ್ಣಾ, ನಾನು ಮಂಜುಳಾ ಕಣಣ್ಣ, ಹುಳು ಕೂತವೆ, ಬೇಗ ಬಾ."

"ಅಬ್ಬಬ್ಬ, ಮಂಜುಳಕ್ಕನ ವಾಯ್ಸೇ ಹಾಕ್ಬಿಟ್ಟವ್ರಲ್ಲಪ್ಪ. ಕಂಪ್ಯೂಟರಾಗೆ ಯಾರ್ ವಾಯ್ಸ್ ಬೇಕಾರೂ ಬರ್ತದಂತೆ," ಎಂದು ಅವನು ಪಕ್ಕದವರಿಗೆ ಹೇಳುತ್ತಾ ಇಟ್ಟುಬಿಟ್ಟ.

ಮಂಜುಳಾ ಫೋನನ್ನೇ ನೋಡುತ್ತಾ ನಿಂತಳು. ತನ್ನೂರಿನಲ್ಲಿ ತಾನೇ ನಕಲಿಯಾಗಿಬಿಟ್ಟಿದ್ದಳು. ನಾನು ಒಂದು ಹಳೇ ಪ್ಯಾಕೆಟ್ಟಿನಿಂದ ಒಬ್ಬ ಮನುಷ್ಯಳನ್ನು ಕಂಪ್ಯೂಟರ್ ಮಾಡಿಬಿಟ್ಟಿದ್ದೆ.

ಆಗ ಯಜಮಾನರು ಪೀಪಿ ಊದಿದರು. ಹೌದು, ಅವರ ಜೇಬಿನಲ್ಲಿ ರಜೆಯಲ್ಲೂ ಪೀಪಿ ಇರುತ್ತದೆ. "ಅವ್ರು ಬರಲ್ಲ ಅಂದ್ರೆ ನಾವ್ ಹೋಗಣ. ತಟ್ಟೆ ಎತ್ತಿ. ಫಯಾಜ್, ಗಾಡಿ ಹಿಂದಕ್ ಹಾಕು. ರತ್ನಾ, ನೀನು ಏನೂ ಮುಟ್ಬೇಡ."

ತಟ್ಟೆಗಳ ಮೇಲೆ ಒದ್ದೆ ಗೋಣಿ ಹೊದಿಸಿ ಆಟೋದಲ್ಲಿ ಜೋಡಿಸಿದರು. ಮಂಜುಳಾ ಮುಂದೆ ಕೂತಳು. ಹಿಂದೆ ತಟ್ಟೆಗಳು ಅಲುಗಾಡದಂತೆ ಹಿಡಿದುಕೊಳ್ಳಲು ನನ್ನನ್ನು ಹತ್ತಿಸಿದರು. ಮುಟ್ಟಬೇಡ ಎಂದವರೇ ಹಿಡಿದುಕೋ ಎಂದರು, ನಾನು ತರ್ಕಕ್ಕೆ ನಿಲ್ಲಲಿಲ್ಲ. ಯಜಮಾನರು ಬೈಕಿನಲ್ಲಿ ಮುಂದೆ ಹೊರಟರು. ಫಯಾಜ್ ಕೀ ತಿರುಗಿಸಿದ.

"ತಾಜಾ ದಂಟು, ಮೆಂತ್ಯ, ಸಬ್ಬಸಿಗೆ! ಬನ್ನಿ ಅಮ್ಮ ಬನ್ನಿ!" ಎಂದು ಆಟೋ ಅಬ್ಬರಿಸಿತು.

"ಆಫ್ ಮಾಡೋ ಅದನ್ನ," ಎಂದಳು ಮಂಜುಳಾ.

"ಆಗಲ್ಲ ಅಕ್ಕಾ. ಕೀಗೇ ಕನೆಕ್ಷನ್ ಕೊಟ್ಟವ್ನೆ ವೈರ್ ಮಾಡಿದೋನು. ಗಾಡಿ ಓಡೋಗಂಟ ಕೂಗ್ತದೆ. ಸ್ಪೀಕರ್ ಮಾರಿದೋನ್ ಕೇಳಿದ್ರೆ ವೈರಿಂಗಿಂದು ಅಂತಾನೆ, ವೈರಿಂಗೋನ್ ಕೇಳಿದ್ರೆ ಸ್ಪೀಕರಿಂದು ಅಂತಾನೆ. ನಾನೂ ಬಿಟ್ಬುಟ್ಟೆ."

ಆ ಕ್ಷಣ ಫಯಾಜನ ಮೇಲೆ ನನಗೆ ಹುಟ್ಟಿದ ಆತ್ಮೀಯತೆ ಇನ್ನೂ ಹಾಗೇ ಇದೆ.

ಹೀಗೆ ನಮ್ಮ ಮೆರವಣಿಗೆ ಸಾಗಿತು. ಮುಂದೆ ಪೀಪಿ ಊದುತ್ತಾ ದಾರಿ ಬಿಡಿಸುವ ಡ್ರಿಲ್ ಮಾಸ್ಟರು. ಹಿಂದೆ ಸೊಪ್ಪು ಸೊಪ್ಪು ಎಂದು ಕೂಗುವ ಆಟೋ. ಒಳಗೆ ಹುಳುಗಳ ಮಧ್ಯೆ ಗೋಣಿ ಹಿಡಿದು ಕೂತ ಸರ್ವರ್ ತಜ್ಞೆ. ಪ್ರತಿ ಊರಿನಲ್ಲೂ ಹೆಂಗಸರು ಚೀಲ ಹಿಡಿದು ಬಂದರು. ಒಬ್ಬ ಅಜ್ಜಿ ಗೋಣಿಯ ತುದಿ ಎತ್ತಿ ನೋಡಿದಳು.

"ಯಾನಮ್ಮ ಇದು, ಸೊಪ್ಪೆಲ್ಲೈತೆ? ಬರೀ ಹುಳಾನೇ ಐತಲ್ಲ."

"ಮಳೆಗಾಲ ಅಲ್ವಾ ಅಜ್ಜಿ," ಎಂದೆ. ಬೇರೇನು ಹೇಳಲಿ.

ರೈತರ ಬಾಗಿಲಿಗೇ ಹುಳು ಬಂದಿದ್ದು ನೋಡಿ ಎಲ್ಲರೂ ಮೊದಲು ಮಂಜುಳಾಳನ್ನು ಮುಟ್ಟಿ ನೋಡುವಂತೆ ನೋಡಿದರು, ಆಮೇಲೆ ತಟ್ಟೆ ಇಳಿಸಿಕೊಂಡರು. ಕೊನೆಯ ಮನೆ ಮುನಿವೆಂಕಟಪ್ಪನವರದು. ಅಷ್ಟರಲ್ಲಿ ಬಿಸಿಲು ಏರಿತ್ತು. ಗೋಣಿ ತೆಗೆದರೆ ಅಲ್ಲೊಂದು ಇಲ್ಲೊಂದು ಹುಳು ಆಗಲೇ ತಲೆ ಆಡಿಸುತ್ತಿತ್ತು. ಮುನಿವೆಂಕಟಪ್ಪನವರು ಬಗ್ಗಿ ನೋಡಿ, ತಟ್ಟೆಗಳನ್ನು ಒಳಗೆ ಒಯ್ಯಿಸಿದರು. ಎಲ್ಲವೂ ಏಳಲಿ ಎಂದು ಕಾದು, ಆಮೇಲೆ ಸೊಪ್ಪು ಹಾಕಿಸಿದರು. ಹುಳುಗಳು ಮೇಯತೊಡಗಿದವು. ಅಲ್ಲಿಯವರೆಗೂ ಮಂಜುಳಾ ಬಾಗಿಲು ಬಿಟ್ಟು ಕದಲಲಿಲ್ಲ.

"ಏನೂ ಆಗಿಲ್ಲಮ್ಮ, ಚೆನ್ನಾಗವೆ," ಎಂದರು ಅವರು. ಅವಳು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಒಂದು ಚೊಂಬು ನೀರು ಕುಡಿದಳು.

ಮುನಿವೆಂಕಟಪ್ಪನವರು ನನ್ನ ಕಡೆ ತಿರುಗಿದರು. "ಈಯಮ್ಮ ಯಾರು?"

"ನಮಸ್ಕಾರ. ನಾನು ರತ್ನಾ..."

"ಅರೆ! ರೆಕಾರ್ಡಿಂಗಮ್ಮ!" ಎಂದು ಹೆಂಡತಿಯನ್ನು ಕೂಗಿ ಕರೆದರು. "ಬಾರೇ, ಬೆಳಗ್ಗೆ ಫೋನಾಗೆ ಬಂದಿದ್ದು ಈಯಮ್ಮನೇ. ಒರಿಜಿನಲ್ಲು."

ಬ್ಲೀಚಿಂಗ್ ದಿನ ಕಂಪ್ಯೂಟರನ್ನು ವಾಪಸು ಲ್ಯಾಬಿನ ಮೂಲೆಗೆ ಸೇರಿಸಿದೆ. ಆದರೆ ಮುಂದಿನ ಬೆಳೆಗೆ ಮುನಿವೆಂಕಟಪ್ಪನವರೇ ಒಂದು ಸಲಹೆ ಕೊಟ್ಟರು: ಆ ರೆಕಾರ್ಡಿಂಗಮ್ಮನ ಧ್ವನಿಯನ್ನು ಫಯಾಜನ ಆಟೋಗೆ ಹಾಕಿಸಿ, ಊರೂರಲ್ಲಿ ಹೇಗೂ ಕೂಗುತ್ತಾನೆ, ಫೋನೂ ಬೇಡ ಮೆಸೇಜೂ ಬೇಡ. ಎಲ್ಲರಿಗೂ ಒಪ್ಪಿಗೆಯಾಯಿತು. ಫಯಾಜ್ ಒಂದು ಭಾನುವಾರ ನಮ್ಮ ಮನೆಗೇ ಬಂದು ಮೊಬೈಲಿನಲ್ಲಿ ನನ್ನ ಧ್ವನಿ ತುಂಬಿಕೊಂಡು ಹೋದ. ಕೇಳಿ ನೋಡೋಣ ಎಂದೆ. "ಸೂಪರ್ ಬಂದೈತೆ ಮೇಡಂ," ಎಂದ. ನಾನು ಈ ಸಲವೂ ಪ್ಯಾಕೆಟ್ ತಿರುಗಿಸಿ ನೋಡಲಿಲ್ಲ.

ಈಗ ಪ್ರತಿ ಬೆಳೆಗೂ ಸಾದಲಿಯಿಂದ ಚಿಂತಾಮಣಿಯ ದಾರಿಯವರೆಗೆ ಆಟೋ ಹೀಗೆ ಸಾರುತ್ತದೆ:

"ರೈತ ಬಾಂಧವರ ಗಮನಕ್ಕೆ. ಚಾಕಿ ಹುಳುಗಳು ಎರಡನೇ ಜ್ವರಕ್ಕೆ ಕುಳಿತಿವೆ..."

"ರತ್ನಾ, ನನ್ ಬನೀನು ಎ‌ಲ್ಲೇ?"

"ಹಗ್ಗದ ಮೇಲೈತೆ ನೋಡ್ರಿ, ಕಣ್ ಕಾಣಲ್ವಾ... ದಯವಿಟ್ಟು ಬೆಳಗಿನ ತಂಪಿನಲ್ಲಿ ತಟ್ಟೆಗಳೊಂದಿಗೆ ಬನ್ನಿ."

ಸರಿಮಾಡಿಸು ಎಂದು ಫಯಾಜನಿಗೆ ಹೇಳಿದೆ. "ಮಂಜುಳಕ್ಕನ್ನ ಕೇಳಿ ಮೇಡಂ, ನಂದು ಬರೀ ಓಡ್ಸೋದು," ಎಂದ. ಮಂಜುಳಾಳಿಗೆ ಹೇಳಿದೆ. "ಅದು ಫಯಾಜನ ಗಾಡಿ ಅತ್ಗೆ, ನಂಗೇನ್ ಸಂಬಂಧ? ಅದೂ ಅಲ್ದೆ ಹುಳು ಮನೇಲವೆ," ಎಂದಳು. ನಗುತ್ತಿದ್ದಳೋ ಇಲ್ಲವೋ ಫೋನಿನಲ್ಲಿ ಗೊತ್ತಾಗಲಿಲ್ಲ. ನಮ್ಮ ಯಜಮಾನರನ್ನು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ, ಕ್ಷೌರದಂಗಡಿಯಲ್ಲಿ ಗೊತ್ತಿಲ್ಲದವರೂ ನಿಲ್ಲಿಸಿ ಕೇಳುತ್ತಾರೆ, "ಸಾರ್, ಬನೀನು ಸಿಕ್ತಾ?"

ಬನೀನು ಅವತ್ತೇ ಸಿಕ್ಕಿತು. ಬನೀನಿಲ್ಲದ, ದೋಷವೆಲ್ಲ ತಿದ್ದಿದ ಹೊಸ ರೆಕಾರ್ಡಿಂಗ್ ಮಾಡಿ ನಾನು ನನ್ನ ಮೊಬೈಲಿನಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದೇನೆ. ಯಾರೂ ಹಾಕಿಕೊಳ್ಳುತ್ತಿಲ್ಲ.